ಬೆರಳು ಒತ್ತದ ಹಿಟ್ಟು

ಹಿಟ್ಟಿನ ಮೇಲೆ ಬೆರಳಿರಲಿಲ್ಲ. ನೀರು ಕುಡಿಯಲು ಅಡಿಗೆಮನೆಗೆ ಬಂದ ತರಸೇಮ್, ಹಿಟ್ಟು ನಾದುವ ಪರಾತಕ್ಕೆ ಮುಚ್ಚಿದ್ದ ಒದ್ದೆ ಬಟ್ಟೆಯನ್ನು ಯಾಕೆ ಎತ್ತಿದನೋ ಅವನಿಗೇ ತಿಳಿಯದು. ಒಳಗೆ ಎರಡು ಉಂಡೆಗಳಿದ್ದವು. ದೊಡ್ಡದರ ನೆತ್ತಿಯಲ್ಲಿ ಹೆಂಡತಿ ಸ್ವರ್ಣಾಳ ನಾಲ್ಕು ಬೆರಳು ಆಳವಾಗಿ ಊರಿದ್ದವು. ಉಂಗುರವಿದ್ದ ಬೆರಳಿನ ಗುಳಿ ಉಳಿದವಕ್ಕಿಂತ ಅಗಲವಾಗಿತ್ತು. ಪಕ್ಕದಲ್ಲೇ ಮುಷ್ಟಿಯಷ್ಟು ಗಾತ್ರದ ಸಣ್ಣ ಉಂಡೆ. ಅದು ನುಣ್ಣಗಿತ್ತು. ಅಂಗೈಯಲ್ಲಿ ಮತ್ತೆ ಮತ್ತೆ ಉರುಳಿಸಿ ನುಣುಪು ಮಾಡಿದ್ದು ಕಾಣುತ್ತಿತ್ತು, ಮರೆತು ಹಾಗೇ ಬಿಟ್ಟದ್ದಲ್ಲ. ನಾದಿದ ಹಿಟ್ಟಿಗೆ ಬೆರಳು ಒತ್ತದೆ ಈ ನಕೋದರ ಊರಿನ ಯಾವ ಹೆಂಗಸೂ ಪರಾತ ಮುಚ್ಚುವುದಿಲ್ಲ. ನುಣ್ಣಗೆ ಬಿಟ್ಟರೆ ಅದು ಪಿಂಡದ ಹಾಗೆ ಕಾಣುತ್ತದೆ, ಸತ್ತವರು ನಮಗೇ ಇಟ್ಟಿದ್ದಾರೆಂದು ಬಂದು ಕೂರುತ್ತಾರೆ. ಬೆರಳು ಒತ್ತಿದರೆ, ಇದು ಬದುಕಿರುವವರ ಪಾಲು, ನಿಮ್ಮದಲ್ಲ, ಮುಂದೆ ಹೋಗಿ ಎಂದು ಹೇಳಿದ ಹಾಗೆ. ಇದನ್ನು ಅವನಿಗೆ ಹೇಳಿಕೊಟ್ಟವಳು ತಾಯಿ, ಬೀಜಿ. ಚಿಕ್ಕಂದಿನಲ್ಲಿ ತನ್ನ ಗಿಡ್ಡ ಬೆರಳುಗಳಲ್ಲಿ ಅವನ ಬೆರಳು ಹಿಡಿದು ಹಿಟ್ಟಿನಲ್ಲಿ ಒತ್ತಿಸಿ, "ಹಾಂ, ಈಗ ಇದು ನಮ್ಮದು" ಎನ್ನುತ್ತಿದ್ದಳು. ಅವನು ಬಟ್ಟೆ ಮುಚ್ಚಿದ. ನೀರು ಕುಡಿಯುವುದು ಮರೆತುಹೋಯಿತು.

ಸಣ್ಣ ಉಂಡೆ ತನ್ನದು, ಅದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಈ ಮನೆಯಲ್ಲಿ ಈಗ ಸಣ್ಣದೆಲ್ಲ ಅವನದೇ. ಸಣ್ಣ ಬಾಟಲಿಯ ನೀರು, ಸಣ್ಣ ಬಟ್ಟಲಿನ ಬೇಳೆ, ಎರಡು ಸಲ ಕುದಿಸಿ ನೀರು ಚೆಲ್ಲಿದ ಸೋರೆಕಾಯಿಯ ನಾಲ್ಕು ಹೋಳು. ಉಪ್ಪಿನ ಡಬ್ಬಿ ಕೈಗೆಟುಕದ ಅಟ್ಟಕ್ಕೇರಿತ್ತು, ಅವನೇನೋ ಬೆಕ್ಕು ಎಂಬಂತೆ. ದೊಡ್ಡ ಉಂಡೆ ಸ್ವರ್ಣಾಳಿಗೆ, ಮೊದಲ ರೊಟ್ಟಿ ತಿನ್ನುವ ಹಸುವಿಗೆ, ಕೊನೆಯದು ತಿನ್ನುವ ನಾಯಿಗೆ. ಆ ಮೂವರ ಮೇಲೂ ಬೆರಳಿದೆ. ಅವನ ಮೇಲೆ ಇಲ್ಲ. ಹಾಗಾದರೆ ಇವಳು ನನ್ನನ್ನು ಆ ಕಡೆಗೆ ಎಣಿಸಿಬಿಟ್ಟಿದ್ದಾಳೆ ಎಂದುಕೊಂಡ, ಎಂದುಕೊಂಡದ್ದೇ ಬಾಗಿಲ ಚೌಕಟ್ಟು ಹಿಡಿದ. ಅವಳು ಜಗಳವಾಡಿ ಎಷ್ಟು ಕಾಲವಾಯಿತು? ಮೊದಲು ಹಾಸಿಗೆಯ ಮೇಲೆ ಒದ್ದೆ ಟವೆಲು ಬಿಟ್ಟರೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವಳು ಈಗ ಸುಮ್ಮನೆ ಎತ್ತಿ ಒಣಹಾಕುತ್ತಾಳೆ. ಹೋಗುವವರ ಜೊತೆ ಯಾರು ಜಗಳವಾಡುತ್ತಾರೆ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ದುಪಟ್ಟ, ಪಗಡಿಗಳಿಗೆ ಬಣ್ಣ ಹಾಕುವುದು ಅಪ್ಪನ ಕಾಲದಿಂದ ಬಂದ ಕೆಲಸ. ಒಲೆಯ ಮೇಲೆ ನೀರಿಟ್ಟು, ಚಿಟಿಕೆ ಹಳದಿ, ಚಿಟಿಕೆ ಕಂದು ಉದುರಿಸಿ ಕೋಲಿನಿಂದ ತಿರುವುತ್ತ ಕೂತರೂ ಕಣ್ಣೆದುರು ಆ ನುಣ್ಣನೆಯ ಉಂಡೆಯೇ ಇತ್ತು. ಇಷ್ಟಕ್ಕೂ ಗೋಧಿ ರೊಟ್ಟಿ ಅವನ ತಟ್ಟೆಗೆ ಹಿಂದಿರುಗಿ ವಾರವೂ ಆಗಿರಲಿಲ್ಲ. ಕಿಡ್ನಿ ಕೆಟ್ಟಿದೆ ಎಂದು ತಿಳಿದ ಮೇಲೆ ವರ್ಷವಿಡೀ ಅನ್ನ, ಇಲ್ಲವೇ ಮೈದಾದ ಬಿಳಿಚಿದ ಚಪಾತಿ. ಅನ್ನ ತಿಂದು ಎದ್ದವನನ್ನು ಈ ಊರಿನಲ್ಲಿ ಊಟ ಆಯಿತಾ ಎಂದು ಮತ್ತೆ ಕೇಳುತ್ತಾರೆ. ಹೋದ ವಾರ ಜಾಲಂಧರದ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ರಕ್ತದ ವರದಿ ನೋಡಿ ನಗುನಗುತ್ತ ಹೇಳಿದ್ದಳು, "ಗೋಧಿ ರೊಟ್ಟಿ ತಿನ್ನಿ ಅಂಕಲ್‌ಜೀ. ಸಣ್ಣದು, ಹೊತ್ತಿಗೆ ಎರಡು. ಹಿಟ್ಟಿಗೆ ಉಪ್ಪು ಬೇಡ, ಅಷ್ಟೇ."

"ಹೊಟ್ಟು ಜರಡಿ ಹಿಡಿದಾ?" ಸ್ವರ್ಣಾ ಕೇಳಿದ್ದಳು.

"ಹೊಟ್ಟಿನ ಸಮೇತ ಆಂಟಿಜೀ. ಮೊದಲು ನಾವೇ ಬೇಡ ಅಂತಿದ್ವಿ. ಗೋಧೀಲಿರೋ ರಂಜಕ ಎಲ್ಲಾ ಮೈಗೆ ಹತ್ತಲ್ಲ, ಎಷ್ಟೋ ಹಾಗೇ ಹೊರಗೆ ಹೋಗುತ್ತೆ ಅಂತ ಈಗ ಹೇಳ್ತಾರೆ. ಇವರಿಗೆ ಎರಡು ರೊಟ್ಟಿಯಿಂದ ಏನೂ ಆಗಲ್ಲ."

"ಮೊದಲು ಅಂದ್ರೆ ಯಾವಾಗ?" ಎಂದ ತರಸೇಮ್.

"ಹಳೇ ಕಾಲದಲ್ಲಿ ಅಂಕಲ್‌ಜೀ. ಇಪ್ಪತ್ತು ವರ್ಷದ ಹಿಂದೆ." ಅಷ್ಟು ಹಿಂದೆ ಅವಳಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದಿರಬೇಕು. ಹೊರಗಿನ ಬೆಂಚಿನ ಮೇಲೆ ಸ್ವರ್ಣಾ ದುಪಟ್ಟ ಬಾಯಿಗೆ ತುರುಕಿಕೊಂಡು ಅತ್ತಳು, ಬಿಕ್ಕಿ ಬಿಕ್ಕಿ, ಎದುರಿಗಿದ್ದ ರೋಗಿಗಳೆಲ್ಲ ಯಾರೋ ತೀರಿಕೊಂಡರೆಂದು ಎದ್ದು ನಿಲ್ಲುವ ಹಾಗೆ. ತನ್ನ ಗಂಡ ರೊಟ್ಟಿ ತಿನ್ನಬಹುದೆಂದು ಇಷ್ಟು ಸಂತೋಷವೇ ಇವಳಿಗೆ ಎಂದು ಅವನ ಎದೆ ತುಂಬಿತ್ತು. ಅವಳ ಬೆನ್ನ ಮೇಲೆ ಕೈಯಿಟ್ಟಿದ್ದ. ಆದರೆ ಅವನ ಕಿವಿಯಲ್ಲಿ ಮಾತ್ರ ಇಪ್ಪತ್ತು ವರ್ಷ ಎಂಬ ಮಾತೇ ಉಳಿದಿತ್ತು, ಬಸ್ಸು ನಕೋದರಕ್ಕೆ ಬಂದು ನಿಂತರೂ ಅದು ಇಳಿಯಲಿಲ್ಲ.

ಯಾಕೆಂದರೆ ಇಪ್ಪತ್ತು ವರ್ಷದ ಹಿಂದೆ ಇದೇ ರೋಗ ಬೀಜಿಗೆ ಬಂದಿತ್ತು. ಅಂದಿನ ಡಾಕ್ಟರು ಗೋಧಿ ನಿಮಗೆ ವಿಷ ಎಂದರು. ತರಸೇಮ್ ಆ ಮಾತಿಗೆ ಕಾವಲುಗಾರನಾದ. ಸಂಜೆ ಅಂಗಡಿ ಮುಚ್ಚಿ ಒಳಗೆ ಬಂದರೆ ಒಲೆಯ ಪಕ್ಕ ಗೋಡೆಗೊರಗಿ ಮಣೆಯ ಮೇಲೆ ಅವಳು ಕಾದು ಕೂತಿರುತ್ತಿದ್ದಳು, ಮೈ ಕೆರೆದು ಕೆರೆದು ತೋಳಿನಲ್ಲಿ ಬಿಳಿ ಗೆರೆ. "ಪುತ್ತರ್, ಒಂದು ರೊಟ್ಟಿ ಕೊಡೋ. ದಪ್ಪಗಿರೋದು. ಒಂದೇ ಒಂದು." ಡಾಕ್ಟರು ಬೇಡ ಅಂದಿದ್ದಾರೆ ಬೀಜಿ ಎಂದರೆ, "ಆ ಡಾಕ್ಟರನ್ನೂ ಒಬ್ಬ ತಾಯಿ ಹೆತ್ತಿರ್ತಾಳಲ್ಲ, ಅವಳು ಏನು ಅಂತಾಳೆ ಕೇಳ್ಕೊಂಡು ಬಾ ಹೋಗು" ಎನ್ನುತ್ತಿದ್ದಳು. ಅವನು ನಗುತ್ತಿದ್ದ. ನಕ್ಕು, ಅವಳೆದುರೇ ಕೂತು ನಾಲ್ಕು ರೊಟ್ಟಿ ತಿನ್ನುತ್ತಿದ್ದ, ದಿನವೆಲ್ಲ ನಿಂತು ದುಡಿದವನಿಗೆ ಹಸಿವು. ಹಾಗೆ ನಕ್ಕದ್ದು ಈಗ ನೆನಪಾದರೆ ಅವನಿಗೆ ತನ್ನ ಬಾಯಿಯೇ ಅಸಹ್ಯ. ಆ ಬಾಯಿಗೆ ಈಗ ರೊಟ್ಟಿ ಇಳಿಯುತ್ತಿರಲಿಲ್ಲ. ಸ್ವರ್ಣಾ ಮಧ್ಯಾಹ್ನ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ತಂದಿಡುವ ಎರಡು ರೊಟ್ಟಿಯಲ್ಲಿ ಒಂದು ತುತ್ತು ಮುರಿದು, ಅಗಿದು ಅಗಿದು, ಕೊನೆಗೆ ಉಗಿಯುತ್ತಿದ್ದ. ಉಳಿದದ್ದನ್ನು ಬಣ್ಣದ ಪುಡಿಯ ಖಾಲಿ ಡಬ್ಬದೊಳಗೆ ಹಾಕಿ ಮುಚ್ಚುತ್ತಿದ್ದ. ನಾಯಿಗೆ ಹಾಕೋಣವೆಂದರೆ ಬೀದಿಯಲ್ಲಿ ಎಲ್ಲರೂ ನೋಡುತ್ತಾರೆ. ರೊಟ್ಟಿ ಎಸೆಯುವ ಕೈ ಅವನಿಗಿರಲಿಲ್ಲ.

"ವೀರ್‌ಜೀ, ನಿದ್ದೆ ಮಾಡ್ತಿದ್ದೀರೋ, ಬಣ್ಣ ಕಾಯಿಸ್ತಿದ್ದೀರೋ?" ಬಾಗಿಲಲ್ಲಿ ಚರಣೋ ನಿಂತಿದ್ದಳು, ಗುರುದ್ವಾರದ ಹಿಂದಿನ ಬೀದಿಯವಳು, ಅವನನ್ನು ಅಣ್ಣನೆಂದೇ ಕರೆಯುವವಳು, ಮಗಳ ಮದುವೆಗೆ ದುಪಟ್ಟ ಕೊಟ್ಟುಹೋದವಳು. ಮಾಗಿದ ಗೋಧಿಯ ಬಣ್ಣ ಬೇಕೆಂದು ಹೇಳಿದ್ದಳು. ಅವನು ದುಪಟ್ಟವನ್ನು ನೀರಿನಿಂದೆತ್ತಿ ಹಿಂಡಿದ. ಒಂದು ತುದಿ ಅವಳ ಕೈಗೆ ಕೊಟ್ಟು, ಇನ್ನೊಂದು ತಾನು ಹಿಡಿದು ಅಂಗಡಿಯ ಮುಂದೆ ಗಾಳಿಗೆ ಬೀಸತೊಡಗಿದ. ಬಟ್ಟೆ ಒದ್ದೆಯಿದ್ದಾಗ ಗೋಧಿಯಂತೆಯೇ ಇತ್ತು. ಒಣಗುತ್ತ ಬಂದಂತೆ ಹಳದಿಯೊಳಗಿಂದ ಬೂದಿ ಮೇಲೆದ್ದಿತು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಇಂಥ ಬಣ್ಣ ಬಂದಿರಲಿಲ್ಲ. ಆದರೆ ಅದನ್ನು ಅವನು ನೋಡಿದ್ದ. ಅದು ಕೊನೆಯ ವಾರ ಬೀಜಿಯ ಮುಖದ ಬಣ್ಣ. ಗಾಳಿ ತುಂಬಿ ದುಪಟ್ಟ ಉಬ್ಬಿದಾಗ ಅದರ ನಡುವೆ ಕೆನ್ನೆಯಂಥದ್ದೊಂದು ಗುಂಡಗಾಗಿ, ಗುಳಿಬಿದ್ದು, ಮತ್ತೆ ಗುಂಡಗಾಯಿತು. ಅವನು ತುದಿ ಬಿಟ್ಟುಬಿಟ್ಟ.

"ಅಯ್ಯೋ, ಮಣ್ಣಾಗುತ್ತೆ!" ಚರಣೋ ಬಟ್ಟೆಯನ್ನು ಎದೆಗೆ ಎಳೆದುಕೊಂಡು ಬೆಳಕಿಗೆ ಹಿಡಿದಳು. "ಇದ್ಯಾವ ಗೋಧಿ ವೀರ್‌ಜೀ? ಹುಳ ಹತ್ತಿದ್ದಾ? ಡಾಕ್ಟರು ನಿಮ್ಮ ಕಣ್ಣಿಗೂ ಪಥ್ಯ ಹೇಳಿದಾರೇನು?"

"ಮತ್ತೆ ಹಾಕಿಕೊಡ್ತೀನಿ ಬೆಹೆನ್‌ಜೀ. ನಾಳೆ ಬನ್ನಿ."

"ನಾಳೆ ಬರ್ತೀನಿ. ನೀವು ಇರ್ತೀರಲ್ಲ?" ಎಂದವಳು ಏನು ಅಂದೆನೆಂದು ತಾನೇ ಗಾಬರಿಯಾಗಿ, ಅಂಗಡಿ ತೆಗೆದಿರ್ತೀರಲ್ಲ ಅಂದೆ ಎಂದು ತಿದ್ದಿಕೊಂಡು, ಹಿಂದೆ ನೋಡದೆ ಹೋದಳು. ಊರಿಗೂ ಗೊತ್ತಾಗಿದೆ ಎಂದುಕೊಂಡ ತರಸೇಮ್. ಎಲ್ಲರಿಗೂ ಗೊತ್ತಿದೆ, ಹಿಟ್ಟಿಗೂ ಗೊತ್ತಿದೆ. ಅವನು ತನ್ನ ಕೈ ನೋಡಿಕೊಂಡ. ಬೆರಳುಗಳಿಗೆ ಆ ಬೂದಿಹಳದಿ ಹತ್ತಿತ್ತು. ಇಪ್ಪತ್ತು ವರ್ಷದ ಹಿಂದಿನ ಆ ದಿನ ಹತ್ತಿದ್ದು ಹಸಿರು. ಬೈಸಾಖಿ ಹಬ್ಬದ ಮುಂಚಿನ ದಿನಗಳು, ರಾಶಿ ಪಗಡಿ, ಮೊಣಕೈವರೆಗೆ ಹಸಿರು ಬಣ್ಣ. ಒಳಗೆ ಬಂದರೆ ಬೀಜಿ ಅವನ ತಟ್ಟೆಯಿಂದ ರೊಟ್ಟಿ ಎತ್ತಿಕೊಂಡು ಎದೆಗೆ ಒತ್ತಿ ಹಿಡಿದಿದ್ದಳು. ಮೂಳೆಯಷ್ಟೇ ಉಳಿದಿದ್ದ ಕೈಯಲ್ಲಿ ಎಲ್ಲಿತ್ತೋ ಅಷ್ಟು ಬಲ. ಅವನು ಮಣಿಕಟ್ಟು ಹಿಡಿದು ತಿರುಚಿ ಕಿತ್ತುಕೊಂಡ. ರೊಟ್ಟಿ ಅವನ ಕೈಗೆ ಬಂತು, ಅವಳು ಖಾಲಿ ಕೈಯನ್ನು ಮೂಸಿಕೊಂಡಳು. ಎರಡು ದಿನ ಬಿಟ್ಟು ಹೋಗಿಬಿಟ್ಟಳು. ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದ ಹೆಂಗಸರು ಹೊರಗೆ ಬಂದು, ಕೈಯ ಮೇಲೆ ಇದೇನು ಹಸಿರು ಎಂದು ಕೇಳಿದ್ದರು. ನಾಲ್ಕು ಬೆರಳು, ಅಚ್ಚೊತ್ತಿದ ಹಾಗೆ. ಸ್ವರ್ಣಾ ಸೀಗೆಯಲ್ಲಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಬಣ್ಣ ಹಾಕುವವನ ಮನೆ, ಎಲ್ಲಿಂದಲೋ ಹತ್ತಿರಬೇಕು ಎಂದು ಅವಳೇ ಹೇಳಿ ಮಾತು ಮುಚ್ಚಿದ್ದಳು.

ಬಿಸಿಲು ಎದುರಿನ ಗೋಡೆಯಿಂದ ಇಳಿಯುವ ಹೊತ್ತಿಗೆ ಒಳಗಿನಿಂದ ಸದ್ದು ಕೇಳಿಸಿತು. ಅಂಗೈಯಿಂದ ಅಂಗೈಗೆ ರೊಟ್ಟಿ ತಟ್ಟುವ ಸದ್ದು, ತಪ್, ತಪ್, ನಿಧಾನವಾಗಿ. ಈ ಸದ್ದನ್ನು ಅವನು ಎಷ್ಟೋ ಕಾಲದಿಂದ ಕೇಳುತ್ತ ಬಂದಿದ್ದ, ಕೇಳಿಯೂ ಕೇಳಿರಲಿಲ್ಲ. ಊಟದ ಹೊತ್ತಲ್ಲದ ಹೊತ್ತು. ಲಟ್ಟಣಿಗೆ ಬಂದಾಗಿನಿಂದ ಸ್ವರ್ಣಾ ಕೈಯಲ್ಲಿ ತಟ್ಟುವುದೂ ಇಲ್ಲ. ದಪ್ಪ ರೊಟ್ಟಿಯನ್ನು ಹಾಗೆ ತಟ್ಟುತ್ತಿದ್ದವಳು ಬೀಜಿಯೊಬ್ಬಳೇ. ಆ ನುಣ್ಣನೆಯ ಉಂಡೆಯನ್ನು ಯಾರೋ ಕಂಡಿದ್ದಾರೆ, ಕರೆದಿದ್ದಾರೆಂದು ಬಂದು ಕೂತಿದ್ದಾರೆ, ಅದು ನನ್ನ ಪಾಲಿನ ಹಿಟ್ಟು, ತಟ್ಟಿ ಮುಗಿಸಿ ನನ್ನನ್ನು ಕರೆಯುತ್ತಾರೆ ಎಂದುಕೊಂಡ. ಎದ್ದು ಹೋಗಿ ನೋಡಲು ಧೈರ್ಯ ಬರಲಿಲ್ಲ. ಮಾರನೆಯ ದಿನದ ಬಣ್ಣ ಅಳೆಯುವ ನೆಪದಲ್ಲಿ ಡಬ್ಬಗಳನ್ನು ಸರಿಸುತ್ತ ಕೂತ. ಸದ್ದು ನಿಂತಿತು. ಆಮೇಲೆ ಹಿತ್ತಿಲ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು, ಮತ್ತೆ ಹೆಜ್ಜೆ, ಸ್ವರ್ಣಾ ಒಳಬಾಗಿಲಿನಿಂದ ಅಂಗಡಿಗೆ ಬಂದಳು, ಕೈಯಲ್ಲಿ ಒರಸುವ ಬಟ್ಟೆ.

"ಏನ್ರೀ ಇದು ವಾಸನೆ? ಇಲಿ ಗಿಲಿ ಸತ್ತಿದೆಯಾ?" ಎನ್ನುತ್ತ ಡಬ್ಬಗಳ ಹಿಂದೆ ಬಗ್ಗಿದಳು. ಬೇಡ ಎನ್ನುವಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು. ಒಣಗಿ ಮುದುರಿದ ರೊಟ್ಟಿಗಳು, ಒಂದರ ಮೇಲೊಂದು, ತಳದಲ್ಲಿದ್ದವು ಹಳೆಯ ಪುಡಿ ಹತ್ತಿ ಗುಲಾಬಿಯಾಗಿದ್ದವು. ಅವಳು ಕೂಗಾಡಲಿ ಎಂದು ಅವನು ಕಾದ, ಕೂಗಾಡಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವಳು ಒಂದನ್ನು ಎತ್ತಿ ನೋಡಿದಳು, ಅವನ ಮುಖ ನೋಡಿದಳು, ತೀರ ತಗ್ಗಿದ ದನಿಯಲ್ಲಿ, "ನೀವೂ ಇಡ್ತಿದ್ದೀರಾ?" ಎಂದಳು.

"ನಾನೂ ಅಂದ್ರೆ?"

ಅವಳು ಆ ರೊಟ್ಟಿಯನ್ನು ಮತ್ತೆ ಡಬ್ಬಕ್ಕೇ ಹಾಕಿದಳು. ಆಗ ಅವನೊಳಗೆ ಬೆಳಗಿನಿಂದ ಕಟ್ಟಿಕೊಂಡಿದ್ದದ್ದು ಒಡೆಯಿತು. "ಆ ಹಿಟ್ಟಿಗೆ ಬೆರಳು ಯಾಕೆ ಒತ್ತಲ್ಲ ನೀನು? ನೋಡಿದೀನಿ ನಾನು. ನಾನಿನ್ನೂ ಉಸಿರಾಡ್ತಿದೀನಿ ಸ್ವರ್ಣಾ. ಪಿಂಡ ಆಮೇಲೆ ಇಟ್ಟರೆ ಆಗಲ್ವಾ?"

"ಬಾಯಿಗೆ ಹುಳ ಬೀಳಾ!" ಎಂದಳು ಅವಳು, ಹಳೆಯ ಸ್ವರ್ಣಾಳ ದನಿಯಲ್ಲಿ, ಬೀದಿಗೆ ಕೇಳುವ ಹಾಗೆ. "ನಿಮ್ಮ ಹಿಟ್ಟು ದೊಡ್ಡ ಉಂಡೇಲೇ ಇದೆ. ನನ್ನ ಹಿಟ್ಟಿಗೆ ನಾನು ಯಾವತ್ತು ಉಪ್ಪು ಹಾಕಿದೀನಿ, ನಿಮಗೆ ಬೇರೆ ನಾದೋಕೆ? ಮೂಳೆಗೆ ತಾಗೋ ಹಾಗೆ ಬೆರಳು ಒತ್ತೀನಿ ದಿನಾ, ನಿಮ್ಮ ಹೆಸರು ಹೇಳಿ." ಹೇಳುತ್ತ ಕೆಳಗೆ ಕೂತುಬಿಟ್ಟಳು, ಬಣ್ಣದ ಬೋಗುಣಿಗಳ ನಡುವೆ. "ಸಣ್ಣದು ಬೀಜಿದು."

ಅವನಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಹೇಳಿದಳು. ಬೀಜಿಗೆ ಕಾಯಿಲೆ ಇದ್ದಾಗ, ಅವನು ಅಂಗಡಿಯಲ್ಲಿರುವ ಹೊತ್ತು ನೋಡಿ, ದಿನಾ ಬಿಸಿಲಿಳಿಯುವಾಗ ಒಂದು ದಪ್ಪ ರೊಟ್ಟಿ ಮಾಡಿಕೊಡುತ್ತಿದ್ದಳು. ಬೀಜಿಯೇ ತಟ್ಟುತ್ತಿದ್ದಳು, ಇವಳು ಬೇಯಿಸುತ್ತಿದ್ದಳು. "ಮಗುವಿನ ಹಾಗೆ ಕೂತು ತಿನ್ನೋರು ಕಣ್ರೀ. ತಿಂದು ಬಾಯಿ ಒರಸ್ಕೊಂಡು, ಅವನಿಗೆ ಹೇಳಬೇಡ ಅನ್ನೋರು. ಆಮೇಲೆ ಹೋಗಿಬಿಟ್ಟರು. ಡಾಕ್ಟರು ವಿಷ ಅಂದಿದ್ದನ್ನ ನನ್ನ ಕೈಯಾರೆ ಹಾಕಿದೆ, ನಾನೇ ಕೊಂದೆ ಅಂತ ಇಪ್ಪತ್ತು ವರ್ಷ ಇಟ್ಕೊಂಡಿದ್ದೆ ಈ ಎದೇಲಿ. ಅವತ್ತು ಆಸ್ಪತ್ರೇಲಿ ಆ ಹುಡುಗಿ ಏನೂ ಆಗಲ್ಲ ಅಂದಳಲ್ಲ, ಆಗ ಅತ್ತದ್ದು ನಿಮಗೋಸ್ಕರ ಅಲ್ಲ." ಸತ್ತ ಮೇಲೂ ನಿಲ್ಲಿಸಲಾಗಲಿಲ್ಲ ಎಂದಳು. ದಿನಾ ಒಂದು ಉಂಡೆ ಬೆರಳು ಒತ್ತದೆ ಇಡುತ್ತಾಳೆ, ಅದೇ ಹೊತ್ತಿಗೆ ಬೇಯಿಸಿ ಆ ಮಣೆಯ ಮುಂದಿಟ್ಟು, ಆಮೇಲೆ ಹಿತ್ತಿಲ ಹಸುವಿಗೆ ಕೊಡುತ್ತಾಳೆ.

ತರಸೇಮ್ ಕೈಗೆ ಸಿಕ್ಕ ಬಣ್ಣದ ಕೋಲು ಹಿಡಿದು ಎದ್ದು ನಿಂತ. ಹಾಗಾದರೆ ಬೀಜಿ ಹಸಿದು ಸಾಯಲಿಲ್ಲ. ಇಪ್ಪತ್ತು ವರ್ಷ ತಿಂದ ಒಂದೊಂದು ರೊಟ್ಟಿಯೂ ಒಮ್ಮೆಲೇ ಹಗುರಾದಂತಾಯಿತು. ಆಮೇಲೆ ಇನ್ನೊಂದು ಯೋಚನೆ ಬಂತು. "ತಿಂದಿರ್ತಿದ್ದಳು ಅಂದ್ರೆ, ಸಂಜೆ ನನ್ನ ಹತ್ರ ಯಾಕೆ ಬೇಡ್ತಿದ್ದಳು? ದಿನಾ ಬೇಡ್ತಿದ್ದಳಲ್ಲ."

ಸ್ವರ್ಣಾ ಒರಸುವ ಬಟ್ಟೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. "ಹೊಟ್ಟೆಗೆ ಅಲ್ಲ ಅನ್ಸುತ್ತೆ. ನಿಮ್ಮ ಕೈಯಿಂದ ಬೇಕಿತ್ತು."

ಆ ಮಾತು ಮುಗಿಯುವ ಹೊತ್ತಿಗೆ ಒಳಗೆ ಮತ್ತೆ ಶುರುವಾಯಿತು. ತಪ್, ತಪ್. ಸ್ವರ್ಣಾ ಅವನ ಕಾಲ ಬಳಿ ಕೂತಿದ್ದಾಳೆ, ಎರಡು ಕೈಯೂ ಮಡಿಲಲ್ಲಿವೆ. ಅವನು ಅವಳನ್ನು ನೋಡಿದ. ಅವಳ ಮುಖದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು.

"ನಿಮಗೂ ಕೇಳುತ್ತಾ?" ಎಂದಳು. "ನನಗೊಬ್ಬಳಿಗೇ ಅನ್ಕೊಂಡಿದ್ದೆ."

"ಆಗಲೇ ತಟ್ಟಿದ್ದು ನೀನಲ್ವಾ?"

"ನಾನು ಇನ್ನೂ ಒಲೆ ಹಚ್ಚೇ ಇಲ್ಲ. ಮೇವು ಹಾಕೋಕೆ ಹಿತ್ತಿಲಿಗೆ ಹೋಗಿದ್ದೆ."

ಪಕ್ಕದ ಮನೆಯವರಿರಬೇಕು ಎಂದು ಯಾರಾದರೂ ಒಬ್ಬರು ಹೇಳಬಹುದಿತ್ತು. ಇಬ್ಬರೂ ಹೇಳಲಿಲ್ಲ. ಒಳಗೆ ಹೋದರು, ಅವನು ಮುಂದೆ, ಅವಳು ಹಿಂದೆ. ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ಮಣೆ ಗೋಡೆಗೆ ಒರಗಿತ್ತು, ಪರಾತದ ಬಟ್ಟೆ ಮುಚ್ಚಿದಂತೆಯೇ ಇತ್ತು. ಅವನು ಮಣೆಯನ್ನು ತೆಗೆದು ನೆಲಕ್ಕೆ ಹಾಕಿದ, ಕೈ ತೊಳೆದು ಅದರ ಎದುರು ಕೂತ. "ಕೊಡು" ಎಂದ. ಸ್ವರ್ಣಾ ಸಣ್ಣ ಉಂಡೆ ಕೊಟ್ಟಳು. ಬಟ್ಟೆಗೆ ಬಣ್ಣ ಹಾಕಿ ಪಳಗಿದ ಕೈಗೆ ಹಿಟ್ಟಿನ ಮಾತು ತಿಳಿಯದು. ತಟ್ಟಲು ಹೋದರೆ ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಹರಿಯಿತು. "ಹಸು ಕೂಡ ನಗುತ್ತೆ ಇದಕ್ಕೆ" ಎಂದ ಸ್ವರ್ಣಾ ಅತ್ತಳು, ಅದನ್ನು ಕಸಿದು ಸರಿಮಾಡಲು ಹೋಗಲಿಲ್ಲ. ಒಲೆ ಹಚ್ಚಿ ಹಾಗೇ ಹೆಂಚಿಗೆ ಹಾಕಿದಳು. ಗೋಧಿ ಬೇಯುವ ವಾಸನೆ ಏರಿತು, ಅಂಚು ಸ್ವಲ್ಪ ಕರಿಕಾದ ವಾಸನೆ, ಇಡೀ ಬಾಲ್ಯದ ಸಂಜೆಗಳ ವಾಸನೆ. ಅವನು ಬಿಸಿ ರೊಟ್ಟಿಯಿಂದ ತುತ್ತು ಮುರಿದು ಕೈ ಚಾಚಿದ.

"ತಗೋ ಬೀಜಿ. ಗೋಧಿದೇ."

ಚಾಚಿದ ಕೈ ಚಾಚಿಯೇ ಇತ್ತು. ಸ್ವರ್ಣಾ ಒಲೆಯ ಕಡೆ ಮುಖ ತಿರುಗಿಸಿದಳು, ಉಣ್ಣುವವರನ್ನು ದಿಟ್ಟಿಸಬಾರದು. ತೋಳು ನೋಯತೊಡಗಿ ಅವನು ಕಣ್ಣು ಮುಚ್ಚಿಕೊಂಡ. ತಡೆಯಲಾರದೆ ಕೈ ಇಳಿಸಿದಾಗ ಬೆರಳ ನಡುವೆ ತುತ್ತು ಇರಲಿಲ್ಲ. ಬಿದ್ದಿರಬೇಕು. ಅವನು ಬಗ್ಗಿ ನೋಡಲಿಲ್ಲ. ಸ್ವರ್ಣಾ ಬೆರಳೊತ್ತಿದ ಹಿಟ್ಟಿನಿಂದ ಎರಡು ಸಣ್ಣ ರೊಟ್ಟಿ ಲಟ್ಟಿಸಿ ಬೇಯಿಸಿ, ಸಪ್ಪೆ ಸೋರೆಕಾಯಿಯ ಜೊತೆ ಅವನ ತಟ್ಟೆಗೆ ಹಾಕಿದಳು. ಮೊದಲ ತುತ್ತು ಗಂಟಲಲ್ಲಿ ಒಂದು ಕ್ಷಣ ನಿಂತು ಇಳಿದುಹೋಯಿತು. ಎರಡನೆಯದು ನಿಲ್ಲಲೂ ಇಲ್ಲ.

"ಕೈ ನೋಡಿ" ಎಂದಳು ಸ್ವರ್ಣಾ.

ಬಲಗೈಯ ಮಣಿಕಟ್ಟಿನ ಮೇಲೆ ಹಸಿ ಹಿಟ್ಟಿನ ನಾಲ್ಕು ಬೆರಳ ಗುರುತಿತ್ತು. ಆಳವಾಗಿ, ಒತ್ತಿ ಹಿಡಿದು ಬಿಟ್ಟ ಹಾಗೆ. ಸ್ವರ್ಣಾ ತನ್ನ ಕೈಯನ್ನು ಅದರ ಪಕ್ಕದಲ್ಲಿ ಚಾಚಿ ತೋರಿಸಿದಳು. ಅವಳ ಬೆರಳು ಉದ್ದ. ಅವನ ಕೈ ಮೇಲಿನವು ಗಿಡ್ಡ, ನಾಲ್ಕೂ ಒಂದೇ ಅಗಲ, ಯಾವುದರಲ್ಲೂ ಉಂಗುರವಿರಲಿಲ್ಲ. ಅವನು ಒರಸಲು ಎಡಗೈ ಎತ್ತಿದ.

"ಒರಸಬೇಡಿ" ಎಂದಳು ಅವಳು. "ಇರಲಿ."

ಅವನು ಎರಡನೆಯ ರೊಟ್ಟಿ ಮುರಿದ.